ಚಳಿ ದುಡಿಯಿತು, ಚಪ್ಪಾಳೆ ನಮಗೆ

ವೆಲ್ಡ್ ಮಾಡಿದ ಸೂಪರ್‌ಅಲಾಯ್‌ನ (ಭಾರಿ ಬಿಸಿಯಲ್ಲೂ ಬಲ ಕಳೆದುಕೊಳ್ಳದ ಮಿಶ್ರಲೋಹದ) ಬಲ ಹೆಚ್ಚಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡವರಿಗೆ ಸಿಹಿ ಸುದ್ದಿ. ಏನೂ ಮಾಡಬೇಕಿಲ್ಲ. ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ, ಹಾಗೇ ಎಳೆದು ನೋಡಿ, ವರದಿ ಬರೆಯಿರಿ. ಸಾಕು.

ಇನ್ಕೊನೆಲ್ 718ನಂಥ ನಿಕ್ಕಲ್ ಮಿಶ್ರಲೋಹದ ಗುಣವೇ ಅದು. −196 ಡಿಗ್ರಿಗೆ ಇಳಿಸಿದರೆ ಅದರ ಬಲ ತಾನಾಗೇ ಏರುತ್ತದೆ. ಮಾಮೂಲಿ ಉಕ್ಕು ಆ ಚಳಿಯಲ್ಲಿ ಏಟು ಬಿದ್ದರೆ ಪಟ್ಟನೆ ಒಡೆಯುತ್ತದೆ, ಇದು ಹಾಗಲ್ಲ. ಪರಮಾಣುಗಳು ಒಳಗೆ ಜೋಡಿಸಿಕೊಂಡ ರೀತಿಯೇ ಬೇರೆ. ಇದರಲ್ಲಿ ಯಾವ ಸಮಿತಿಯ ಕೈವಾಡವೂ ಇಲ್ಲ, ಪಾಪ. ಆದರೂ ಸಮಿತಿಯ ವರದಿಯಲ್ಲಿ ಬಲದ ಚಾರ್ಟ್ ನೋಡಿ. ಹೋದ ವರ್ಷದ ಕಂಬ ಗಿಡ್ಡ, ಈ ವರ್ಷದ ಕಂಬ ಉದ್ದ. ಬಣ್ಣ ಬೇರೆ ಹಸಿರು. ಹೋದ ವರ್ಷ ಅಳೆದದ್ದು ಕೋಣೆಯ ಬಿಸಿಯಲ್ಲಿ, ಈ ವರ್ಷ ನೈಟ್ರೋಜನ್‌ನಲ್ಲಿ ಎಂಬ ವಿಷಯ ಪುಟದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಕೂತಿದೆ.

ಬೆಸುಗೆಯ ನಡುವೆ ಏನಾಗಿದೆ ಅಂತ ಕೇಳುವವರು ಸಭೆಗೆ ತಲೆನೋವು. ಕರಗಿದ ಲೋಹ ಗಟ್ಟಿಯಾಗುವಾಗ ಅದರಲ್ಲಿ ಬೆರೆಸಿದ ನಿಯೋಬಿಯಂ ಎಂಬ ಲೋಹ ಕೊನೆಗೆ ಉಳಿದ ದ್ರವದಲ್ಲಿ ಹೋಗಿ ಗುಂಪುಗೂಡುತ್ತದೆ. ಅಲ್ಲಿ ಲೇವ್ಸ್ ಎಂಬ ಪೆಡಸು ಪದಾರ್ಥ ಹುಟ್ಟುತ್ತದೆ. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಲೋಹದ ಕವಲುಗಳ ಸಂದಿಯಲ್ಲಿ ಸಣ್ಣ ಸಣ್ಣ ದ್ವೀಪಗಳು. ಬಲ ಕೊಡಬೇಕಿದ್ದ ನಿಯೋಬಿಯಂ ಅಲ್ಲೇ ಸೆರೆ. ಬಿರುಕಿಗೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಸಲೀಸು. ಚಳಿಗೆ ಎಳೆತದ ಬಲ ಏರಿತು ಸರಿ, ಬಿರುಕು ತಡೆಯುವ ತಾಕತ್ತೂ ಏರಲೇಬೇಕು ಅಂತೇನಿಲ್ಲ ಅಲ್ವಾ? ಆ ಕಂಬ ವರದಿಯಲ್ಲೇ ಇಲ್ಲ.

ಮದ್ದು ಇಲ್ಲ ಅಂತಲ್ಲ. ಎಲೆಕ್ಟ್ರಾನ್ ಕಿರಣದಿಂದ, ಶಾಖ ಕಡಿಮೆ ಕೊಟ್ಟು ಬೆಸೆದರೆ ದ್ವೀಪಗಳು ಸಣ್ಣವಾಗುತ್ತವೆ. ಆಮೇಲೆ 1,100 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಲೇವ್ಸ್ ಬಹುಪಾಲು ಕರಗುತ್ತದೆ. ಆದರೆ ಹದ ತಪ್ಪಿದರೆ ಲೋಹದ ಹರಳುಕಣಗಳು ದಪ್ಪವಾಗುತ್ತವೆ. ಅದಾದ ಮೇಲೆ ಏಜಿಂಗ್, ಅಂದರೆ ಬಲ ಬರಲೆಂದು ಕಡಿಮೆ ಬಿಸಿಯಲ್ಲಿ ಹೊತ್ತುಗಟ್ಟಲೆ ಇಡುವುದು: 720 ಡಿಗ್ರಿಯಲ್ಲಿ 8 ಗಂಟೆ, 620ರಲ್ಲಿ ಮತ್ತೆ 8 ಗಂಟೆ.

“ಅಷ್ಟು ಹೊತ್ತು ಸುಮ್ನೆ ಕುಲುಮೆ ಉರಿಸೋದಾ?” ಅಂದರು ಸಮಿತಿಯವರು. ಇದನ್ನು ಚರ್ಚಿಸಲು ಸಭೆ ಅದಕ್ಕಿಂತ ಜಾಸ್ತಿ ಹೊತ್ತು ನಡೆಯಿತು.

ಕೊನೆಗೆ ಕುಲುಮೆ ಬೇಡ ಅಂತಾಯಿತು. ಮುಂದಿನ ಗುರಿ ದ್ರವ ಹೀಲಿಯಂ, −269 ಡಿಗ್ರಿ. ಕಂಬ ಇನ್ನೊಂಚೂರು ಏರುತ್ತದೆ. ಆಮೇಲೆ ಮಾತ್ರ ಕಷ್ಟ, −273.15ಕ್ಕಿಂತ ಕೆಳಗೆ ಹೋಗಲು ಪ್ರಕೃತಿ ಬಿಡುವುದಿಲ್ಲವಂತೆ. ವಿನಾಯಿತಿ ಕೋರಿ ಪತ್ರ ಸಿದ್ಧವಾಗುತ್ತಿದೆ.