ಪಾಯಿಂಟ್ ಒಂದರ ಗುಡುಗು

ತೀರ್ಥಹಳ್ಳಿಯ ಸಮೀಪದ ನಮ್ಮ ಹಂಚಿನ ಮನೆಗೆ ಹೋಮ್ ಥಿಯೇಟರ್ ಬಂದದ್ದಕ್ಕೆ ಮೂಲ ಕಾರಣ ನನ್ನ ಅಪ್ಪ ಎಂದು ನಾನು ಇಂದಿಗೂ ವಾದಿಸುತ್ತೇನೆ. 78 ವರ್ಷದ ಅಪ್ಪ ಟೀವಿಯ ಮುಂದೆ ಕುಳಿತು, "ಎಂತದು ಮಾರಾಯ ಇದು, ಗಲಾಟೆ ಮಾತ್ರ ಕೇಳ್ತದೆ, ಮಾತು ಕೇಳೂದಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಬೇರೆ ಮಕ್ಕಳಾಗಿದ್ದರೆ ಅವರನ್ನು ಕಿವಿಯ ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದರು. ನಾನು ಮಾತ್ರ ಅದನ್ನು ಟೀವಿಯ ದೋಷವೆಂದು ತೀರ್ಮಾನಿಸಿದೆ. ಸಿನಿಮಾದ ಸಂಭಾಷಣೆಯೆಲ್ಲ ಹೆಚ್ಚಾಗಿ ಮಧ್ಯದ ಸ್ಪೀಕರಿಗೆಂದೇ ಬೆರೆಸಿರುತ್ತಾರೆ, ಟೀವಿಗೆ ಅಂತಹ ಸ್ಪೀಕರ್ ಇಲ್ಲದ್ದರಿಂದ ಅದು ಮಾತನ್ನು ಹಿನ್ನೆಲೆ ಸಂಗೀತದೊಂದಿಗೆ ಕಲಸಿ ಎರಡು ತೂತುಗಳಿಂದ ಹೊರಹಾಕುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದು ಸುಳ್ಳಲ್ಲ. ಆದರೆ ಅಪ್ಪ ನೋಡುತ್ತಿದ್ದದ್ದು ಸಿನಿಮಾವಲ್ಲ, ವಾರ್ತೆ ಎಂಬುದನ್ನು ನನ್ನ ಉತ್ಸಾಹ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಟೀವಿಯ ಕೆಳಗೆ ಇಡುವ ಒಂದು ಸೌಂಡ್‌ಬಾರ್ ತಂದರೆ ಸಾಕಲ್ಲವೇನ್ರೀ?" ಎಂದು ನನ್ನ ಹೆಂಡತಿ ಕೇಳಿದಳು. ಆ ಮಾತಿಗೆ ನಾನು ನಕ್ಕ ನಗೆಯನ್ನು ಅವಳು ಇನ್ನೂ ಮರೆತಿಲ್ಲ.

ಆಷಾಢದ ರಿಯಾಯಿತಿ ನಡೆಯುತ್ತಿದ್ದ ದಿನಗಳಲ್ಲಿ, ಎರಡು ಚೀಲ ರಾಶಿ ಅಡಿಕೆಯ ಹಣವನ್ನು ಜೇಬಿನಲ್ಲಿಟ್ಟುಕೊಂಡು, ಮಂಡಗದ್ದೆ ಮತ್ತು ಸಕ್ರೆಬೈಲಿನ ದಾರಿಯಾಗಿ ಸುಮಾರು 60 ಕಿಲೋಮೀಟರ್ ದೂರ ಸುರಿಯುವ ಮಳೆಯಲ್ಲೇ ಶಿವಮೊಗ್ಗ ತಲುಪಿದೆ. ಅಂಗಡಿಯ ಹುಡುಗ ನನ್ನನ್ನು ದಪ್ಪ ಪರದೆ ಇಳಿಬಿಟ್ಟು ನೆಲಕ್ಕೆ ಕಂಬಳಿಯಂಥ ಹಾಸು ಹೊದಿಸಿದ ಕೋಣೆಯೊಂದರಲ್ಲಿ ಕೂರಿಸಿ, ದೀಪ ಆರಿಸಿ, "ಸಾರ್, ಕಣ್ಣು ಮುಚ್ಚಿಕೊಂಡು ಕೇಳಿ" ಎಂದ. ಕೇಳಿದೆ. ಮಳೆ! ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಮಳೆ ಸುರಿಯುತ್ತಿತ್ತು. ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ನೆನೆದು, ಕೊಡೆಯಿಂದ ಅವರ ಹಾಸಿನ ಮೇಲೆ ನೀರು ತೊಟ್ಟಿಕ್ಕಿಸುತ್ತ ಕುಳಿತಿದ್ದ ನಾನು, "ಆಹಾ, ಎಷ್ಟು ಸಹಜವಾಗಿದೆ!" ಎಂದು ಉದ್ಗರಿಸಿದೆ. ಮಲೆನಾಡಿನವನೊಬ್ಬ ದುಡ್ಡು ಕೊಟ್ಟು ಮಳೆಯ ಸದ್ದು ಕೊಳ್ಳಲು ಒಪ್ಪಿದ ಆ ಗಳಿಗೆಯಲ್ಲಿ ಆ ಹುಡುಗನಿಗೆ ನನ್ನ ಯೋಗ್ಯತೆ ತಿಳಿದುಹೋಗಿರಬೇಕು. ಅಲ್ಲಿಂದ ಮುಂದೆ ಅವನು ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತಿಸತೊಡಗಿದ.

ಮೊದಲು ತೋರಿಸಿದ ಅಗ್ಗದ ಸೆಟ್ಟಿನ ಪೆಟ್ಟಿಗೆಯ ಮೇಲೆ 8000 ವಾಟ್ ಎಂದು ಬೆಂಕಿಯ ಜ್ವಾಲೆಗಳ ನಡುವೆ ಮುದ್ರಿಸಿದ್ದರು. ನಮ್ಮ ತೋಟಕ್ಕೆ ನೀರೆತ್ತುವ 5 ಎಚ್‌ಪಿ ಮೋಟಾರು ಸುಮಾರು 3700 ವಾಟಿನದು. ಅಂಥ ಎರಡು ಮೋಟಾರುಗಳ ಬಲ ಕಂಕುಳಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿಯಲ್ಲಿ ಅಡಗಿದೆಯೇ ಎಂದು ಅನುಮಾನಗೊಂಡು ಅದನ್ನು ತಿರುಗಿಸಿ ನೋಡಿದರೆ, ಬೆನ್ನಿನ ಚೀಟಿಯಲ್ಲಿ ಅದು ಬಳಸುವ ವಿದ್ಯುತ್ತು 90 ವಾಟ್ ಎಂದು ಸಣ್ಣ ಅಕ್ಷರಗಳಲ್ಲಿತ್ತು. ಮುಂಬದಿಯದು ಪಿಎಂಪಿಒ ಲೆಕ್ಕ, ಕ್ಷಣಮಾತ್ರದ ಕಾಲ್ಪನಿಕ ಶಿಖರ. ನಂಬಬೇಕಾದದ್ದು ಆರ್‌ಎಂಎಸ್ ಎಂಬ, ನಿರಂತರವಾಗಿ ಕೊಡಬಲ್ಲ ಬಲದ ಲೆಕ್ಕವನ್ನು. ಇಡೀ ದಿನದಲ್ಲಿ ನಾನು ಬುದ್ಧಿವಂತನಾಗಿದ್ದದ್ದು ಅದೊಂದೇ ಸಂದರ್ಭದಲ್ಲಿ. ಆ ಬುದ್ಧಿವಂತಿಕೆಯ ಫಲವಾಗಿಯೇ ಹುಡುಗ ನನ್ನನ್ನು, ಸದ್ದನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ದುಬಾರಿ ರಿಸೀವರುಗಳ ಸಾಲಿಗೆ ಗೌರವದಿಂದ ಕರೆದೊಯ್ದ.

ಅಲ್ಲಿ 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಅಟ್ಮಾಸ್‌ನ ಪ್ರಸ್ತಾಪ ಬಂತು. ಅದರಲ್ಲಿ ಸದ್ದು ತಲೆಯ ಮೇಲಿನಿಂದಲೂ ಬರುತ್ತದೆ. ಮನೆಗಳಲ್ಲಿ ಮೇಲ್ಮುಖವಾಗಿ ಕೂತ ಸ್ಪೀಕರುಗಳು ಸದ್ದನ್ನು ಚಾವಣಿಗೆ ಎಸೆದು, ಅಲ್ಲಿಂದ ನಮ್ಮ ಕಿವಿಗೆ ಪುಟಿಸುತ್ತವೆ. "ಚಾವಣಿ ಚಪ್ಪಟೆಯಾಗಿದ್ದರೆ ಆಯಿತು ಸಾರ್" ಎಂದ. ನಮ್ಮದು ಇಳಿಜಾರಿನ ಹಂಚಿನ ಮಾಡು. ಎಸೆದ ಸದ್ದು ಅಡ್ಡತೊಲೆಗಳ ನಡುವೆ ದಾರಿ ತಪ್ಪಿ, ಹಂಚಿನ ಸಂದಿನಿಂದ ಹೊರಬಿದ್ದು ಹಿತ್ತಲಿನ ಹಲಸಿನ ಮರಕ್ಕೆ ಮನರಂಜನೆ ಒದಗಿಸುತ್ತಿತ್ತೇ ಹೊರತು ನಮಗಲ್ಲ. ಹೀಗಾಗಿ 5.1ಕ್ಕೆ ಒಪ್ಪಂದವಾಯಿತು. ಐದು ಸ್ಪೀಕರು, ಒಂದು ಸಬ್‌ವೂಫರ್. ಆ ಸಬ್‌ವೂಫರಿಗೆ ಪೂರ್ತಿ ಒಂದರ ಮರ್ಯಾದೆ ಕೊಡದೆ ಪಾಯಿಂಟ್ ಒಂದು ಎನ್ನುವುದೇಕೆಂದರೆ, ಅದಕ್ಕಾಗಿ ಮೀಸಲಿಟ್ಟ ಚಾನೆಲ್, ಅಂದರೆ ಸದ್ದಿನ ಹಾದಿ, ಸುಮಾರು 120 ಹರ್ಟ್ಸ್ ಕೆಳಗಿನ ಗುಡುಗು, ಸ್ಫೋಟಗಳನ್ನಷ್ಟೇ ಹೊರುತ್ತದೆ. ಉಳಿದವು ಹೊರುವುದರ ಸಣ್ಣದೊಂದು ಪಾಲು. ಆದರೆ ಮನೆಗೆ ಬಂದ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ದೊಡ್ಡದೂ ಭಾರದ್ದೂ, ಇಬ್ಬರು ಸೇರಿ ಜಗಲಿ ಹತ್ತಿಸಬೇಕಾದದ್ದೂ ಈ ಪಾಯಿಂಟ್ ಒಂದೇ ಆಗಿತ್ತು. "ಪಾಯಿಂಟ್ ಒಂದೇ ಇಷ್ಟು ಇದ್ರೆ ಬಾಕಿ ಐದು ಲಾರಿಯಲ್ಲಿ ಬರ್ತದನಾ?" ಎಂದು ಅಪ್ಪ ಗೇಟಿನ ಕಡೆ ನೋಡಿದರು.

ಅಂಗಡಿ ಬಿಡುವ ಮುನ್ನ ಇನ್ನೊಂದು ವಿಚಾರಣೆ ನಡೆದಿತ್ತು. ಟೀವಿಯ ಬೆನ್ನಿನ ಯಾವ ಎಚ್‌ಡಿಎಂಐ ಕಿಂಡಿಯ ಪಕ್ಕದಲ್ಲಿ ಎಆರ್‌ಸಿ ಎಂದು ಬರೆದಿದೆ, ಏಕೆಂದರೆ ಆ ಕಿಂಡಿಗಳ ಪೈಕಿ ಟೀವಿಯ ಸದ್ದು ರಿಸೀವರಿಗೆ ಮರಳುವುದು ಅದೊಂದರಿಂದಲೇ, ಎಂದು ಹುಡುಗ ಕೇಳಿದ. ಮನೆಗೆ ಫೋನು ಮಾಡಿದೆ. ಹೆಂಡತಿ ಟಾರ್ಚು ಹಿಡಿದು ನೋಡಿ, "ಮೂರು ಕಿಂಡಿ ಇವೆ. ಎರಡರ ಪಕ್ಕ ಅಂಥದ್ದೇನೂ ಬರೆದಿಲ್ಲ. ಮೂರನೆಯದರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆ" ಎಂದಳು. ಬೇಕಾಗಿದ್ದದ್ದು ಅದೇ ಮೂರನೆಯದು.

ಸ್ಪೀಕರುಗಳನ್ನು ಎಲ್ಲಿಡಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಶಿಫಾರಸು ಇದೆ. ಕೂರುವ ಜಾಗದಿಂದ ನೋಡಿದರೆ ಮುಂದಿನ ಎರಡು ಸ್ಪೀಕರುಗಳು ಎಡಬಲಕ್ಕೆ 30 ಡಿಗ್ರಿಯಲ್ಲಿಯೂ, ಹಿಂಬದಿಯವು 100ರಿಂದ 120 ಡಿಗ್ರಿಯೊಳಗೂ ಇರಬೇಕು. ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದು, ಅಪ್ಪನ ಆರಾಮಕುರ್ಚಿಯನ್ನು ಕೇಂದ್ರಬಿಂದುವಾಗಿಟ್ಟು, ನಡುಮನೆಯ ಉದ್ದಗಲಕ್ಕೂ ದಾರ ಎಳೆದೆ. ಹಿಂಬದಿಯ ಬಲದ ದಾರ ನೇರವಾಗಿ ಹೋಗಿ ದೇವರ ಕೋಣೆಯ ಬಾಗಿಲಲ್ಲಿ ನಿಂತಿತು. ಎಡದ್ದು ಅಡುಗೆಮನೆಯ ಬಾಗಿಲಲ್ಲಿ. ನಮ್ಮ ನಡುಮನೆಗೆ ಗೋಡೆಗಳಿಗಿಂತ ಬಾಗಿಲುಗಳೇ ಹೆಚ್ಚೆಂಬುದು ನನಗೆ ಆ ದಿನ ತಿಳಿಯಿತು. ಮನೆ ಕಟ್ಟಿಸಿದ ಅಜ್ಜ ಆಯ ನೋಡಿದ್ದರಂತೆ, ಡಿಗ್ರಿ ನೋಡಿರಲಿಲ್ಲ.

ಬಲದ್ದನ್ನು ದೇವರ ಕೋಣೆಯ ಬಾಗಿಲಿನ ಮೇಲೆ ಮೊಳೆ ಹೊಡೆದು ಕೂರಿಸಲು ಅಮ್ಮ ಹೇಗೋ ಅನುಮತಿ ಕೊಟ್ಟರು, ಪೂಜೆಯ ಹೊತ್ತಿನಲ್ಲಿ ಅದು ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ. ಎಡದ್ದಕ್ಕೆ ಮೊಳೆ ಹೊಡೆಯಲು ಗೋಡೆಯೇ ಇರಲಿಲ್ಲ. ತಲೆಯೆತ್ತಿ ನೋಡಿದಾಗ ತೊಲೆಯಲ್ಲಿ, ಮಗಳ ತೊಟ್ಟಿಲು ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ ಕಾಣಿಸಿತು. ಕೋನ ಅಳೆದರೆ 115 ಡಿಗ್ರಿ! ಹಗ್ಗ ಕಟ್ಟಿ ಸ್ಪೀಕರನ್ನು ಅದಕ್ಕೆ ಇಳಿಬಿಟ್ಟೆ. ಅದು ಮೆಲ್ಲನೆ ಅತ್ತಿತ್ತ ತೂಗತೊಡಗಿತು. ಹಾದುಹೋಗುತ್ತಿದ್ದ ಅಮ್ಮ ಕೈಯಲ್ಲಿದ್ದ ಕಡುಬಿನ ಪಾತ್ರೆಯನ್ನು ಕೆಳಗಿಟ್ಟು ಓಡಿಬಂದು ಅದನ್ನು ಹಿಡಿದು ನಿಲ್ಲಿಸಿದರು. "ಖಾಲಿ ತೊಟ್ಟಿಲು ತೂಗಬಾರದು ಅಂತ ಗೊತ್ತಿಲ್ವನಾ ನಿಂಗೆ?" ಇದು ತೊಟ್ಟಿಲಲ್ಲವೆಂದರೆ ಅವರು ಒಪ್ಪಲಿಲ್ಲ, ಖಾಲಿಯಲ್ಲವೆಂದರೆ ಒಳಗೇನಿದೆ ಎಂದು ಕೇಳಿದರು. ಈಗಲೂ ಆ ಕಡೆ ಹೋದಾಗಲೆಲ್ಲ ಅವರು ಅದನ್ನೊಮ್ಮೆ ಹಿಡಿದು ನಿಲ್ಲಿಸಿಯೇ ಮುಂದೆ ಹೋಗುತ್ತಾರೆ.

ಇಷ್ಟಾದ ಮೇಲೆ ರಿಸೀವರು ಕೋಣೆಯನ್ನು ಅಳೆಯಬೇಕು. ಕೂರುವವರ ಕಿವಿಯ ಎತ್ತರದಲ್ಲಿ ಅದರ ಪುಟ್ಟ ಮೈಕನ್ನು ಇಟ್ಟರೆ, ಅದು ಪ್ರತಿಯೊಂದು ಸ್ಪೀಕರಿನಿಂದಲೂ ಪರೀಕ್ಷೆಯ ಸದ್ದು ಹೊರಡಿಸಿ, ತಲುಪಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಒಂದು ಅಡಿಗೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು. ಕೋಣೆ ನಿಶ್ಶಬ್ದವಾಗಿರಬೇಕು ಎಂಬುದೊಂದೇ ನಿಯಮ. ಪುನರ್ವಸು ಮಳೆ ಹಂಚಿನ ಮೇಲೆ ಹುಯ್ಯುತ್ತಿರುವಾಗ ನಿಶ್ಶಬ್ದವನ್ನು ಎಲ್ಲಿಂದ ತರುವುದು? ಗುಂಡಿ ಒತ್ತಿದ ಕೂಡಲೇ ಟೀವಿಯ ಪರದೆಯ ಮೇಲೆ ಸುತ್ತಲಿನ ಸದ್ದು ಹೆಚ್ಚಾಯಿತೆಂಬ ಎಚ್ಚರಿಕೆ ಮೂಡಿತು. ಕಿಟಕಿ ಮುಚ್ಚಿದೆ, ಫ್ರಿಜ್ ಆರಿಸಿದೆ, ಅಪ್ಪನ ಕೆಮ್ಮಿಗೆ ಕಷಾಯ ಕುಡಿಸಿದೆ. ಮಳೆಯನ್ನು ಆರಿಸುವ ಗುಂಡಿ ಮಾತ್ರ ಸಿಗಲಿಲ್ಲ. ನಾಲ್ಕು ದಿನ ಕಾದೆ. ಐದನೆಯ ದಿನ ರಾತ್ರಿ ಮಳೆ ಹೊಳವಾಯಿತು, ಗುಂಡಿ ಒತ್ತಿದೆ. ಮಳೆ ನಿಂತದ್ದೇ ತಡ ಕಪ್ಪೆಗಳು ಶುರುವಾಗಿದ್ದವು. ಯಂತ್ರಕ್ಕೆ ಕಪ್ಪೆಗಳೂ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಇನ್ನೊಂದು ರಾತ್ರಿ ಎರಡೂವರೆ ಗಂಟೆಗೆ, ಮಳೆ ಮತ್ತು ಕಪ್ಪೆ ಎರಡೂ ಉಸಿರು ಹಿಡಿದ ಒಂದು ಬಿಡುವಿನಲ್ಲಿ, ಕತ್ತಲೆಯಲ್ಲಿ ಮೈಕಿಟ್ಟು ಕೆಲಸ ಆರಂಭಿಸಿದೆ. ಎಡಗಡೆಯಿಂದ ಲೊಚ್, ಮಧ್ಯದಿಂದ ಲೊಚ್, ಬಲದಿಂದ ಲೊಚ್, ದೇವರ ಕೋಣೆಯ ಮೇಲಿನಿಂದ ಲೊಚ್, ತೊಟ್ಟಿಲ ಕೊಕ್ಕೆಯಿಂದ ಲೊಚ್. ಎಲ್ಲವೂ ಸುಸೂತ್ರವಾಗಿ ಮುಗಿಯಿತೆಂದು ಮಲಗಿದೆ. ಬೆಳಿಗ್ಗೆ ಎದ್ದರೆ ಅಮ್ಮ ಕನ್ನಡಕ ಏರಿಸಿಕೊಂಡು ಪಂಚಾಂಗದಲ್ಲಿ ಹಲ್ಲಿಶಕುನದ ಪುಟ ತೆರೆದು ಕುಳಿತಿದ್ದರು. ಒಂದು ದಿಕ್ಕಿನಲ್ಲಿ ಹಲ್ಲಿ ನುಡಿದರೆ ಏನು ಫಲವೆಂದು ಅದರಲ್ಲಿ ಇತ್ತು. ಒಂದೇ ರಾತ್ರಿ ಐದು ದಿಕ್ಕಿನಿಂದ ಕ್ರಮವಾಗಿ ನುಡಿದರೆ ಏನೆಂದು ಇರಲಿಲ್ಲ. ನಾನು ಸತ್ಯ ಹೇಳಬಹುದಿತ್ತು, ಆದರೆ ಎರಡು ಚೀಲ ಅಡಿಕೆಯ ಹಣ ಲೊಚಗುಟ್ಟಿತು ಎನ್ನಲು ಧೈರ್ಯ ಬರಲಿಲ್ಲ.

ಯಂತ್ರದ ವರದಿಯೂ ವಿಚಿತ್ರವಾಗಿತ್ತು. ನಮ್ಮ ನಡುಮನೆಯ ಉದ್ದ 16 ಅಡಿ. ಸಬ್‌ವೂಫರು 22 ಅಡಿ ದೂರದಲ್ಲಿದೆ ಎಂದು ಅದು ಬರೆದಿತ್ತು. ಸಬ್‌ವೂಫರಿನ ಒಳಗಿನ ವಿದ್ಯುನ್ಮಾನವೇ ಸದ್ದನ್ನು ತುಸು ತಡಮಾಡುವುದರಿಂದ ಆ ವಿಳಂಬವನ್ನೂ ಯಂತ್ರ ದೂರವೆಂದೇ ಎಣಿಸುತ್ತದೆ ಎಂದು ನಾನು ವಿವರಿಸಿದೆ. ಅಪ್ಪ ಹೆಜ್ಜೆ ಹಾಕಿ ಅಳೆದು, "ಕೊಟ್ಟಿಗೆವರೆಗೂ ಲೆಕ್ಕ ಹಾಕಿದೆ" ಎಂದರು.

ಅಂದು ಸಂಜೆ ಅಪ್ಪ ವಾರ್ತೆ ಹಾಕಿದರು. ಹಿಂದಿನ ಎರಡು ಸ್ಪೀಕರುಗಳಿಂದ ಒಂದು ಸೊಲ್ಲೂ ಇಲ್ಲ. ಏಣಿ ಹತ್ತಿ ತೊಟ್ಟಿಲ ಸ್ಪೀಕರಿಗೆ ಕಿವಿ ಹಚ್ಚಿದೆ, ಅಂಗಡಿಗೆ ಫೋನು ಮಾಡಿ ಸಾಕಷ್ಟು ಕಠಿಣವಾಗಿ ಮಾತನಾಡಿದೆ. "ಸಾರ್, ಅವರು ಕಳಿಸುವುದೇ ಎರಡು ಚಾನೆಲ್ಲಿನಲ್ಲಿ. ಬಾರದ ಸದ್ದನ್ನು ಹಿಂದಿನ ಸ್ಪೀಕರು ಎಲ್ಲಿಂದ ತರುತ್ತದೆ?" ಎಂದು ಹುಡುಗ ವಿನಯದಿಂದಲೇ ಕೇಳಿದ. ಬೇಕಿದ್ದರೆ ಎರಡನ್ನು ಐದಾಗಿ ಹಂಚುವ ಏರ್ಪಾಡು ರಿಸೀವರಿನಲ್ಲಿತ್ತು. ಅದನ್ನು ಹಾಕಿ, ಮಧ್ಯದ ಸ್ಪೀಕರಿನ ಮಟ್ಟವನ್ನು ನಾಲ್ಕು ಡೆಸಿಬೆಲ್ ಏರಿಸಿದೆ. ವಾರ್ತಾವಾಚಕಿಯ ಮಾತು ಅಕ್ಷರಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಹತ್ತು ನಿಮಿಷ ಗಮನವಿಟ್ಟು ಕೇಳಿ, "ಇದನ್ನು ಕೇಳೂದಕ್ಕೆ ಇಷ್ಟೆಲ್ಲ ಮಾಡಿದ್ದಾ?" ಎಂದು ಎದ್ದು ಜಗಲಿಗೆ ಹೋದರು.

ಮಾರ್ಗಶಿರದಲ್ಲಿ, ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದ ಮಧ್ಯಾಹ್ನ, ಮನೆಯವರೆಲ್ಲ ಊಟ ಮುಗಿಸಿ ಒರಗಿದ್ದಾಗ, ಒಂದು ಇಂಗ್ಲಿಷ್ ಸಿನಿಮಾವನ್ನು ಮೊದಲ ಬಾರಿಗೆ ಪೂರ್ತಿ ಸದ್ದಿನಲ್ಲಿ ಹಾಕಿದೆ. ಚಂಡಮಾರುತದ ದೃಶ್ಯದಲ್ಲಿ ಪಾಯಿಂಟ್ ಒಂದು ತನ್ನ ಯೋಗ್ಯತೆ ತೋರಿಸಿತು. ಹಂಚುಗಳು ಗಡಗಡಿಸಿದವು, ಅಜ್ಜನ ಫೋಟೋದ ಗಾಜು ಜುಯ್ಯೆಂದಿತು, ತೊಟ್ಟಿಲ ಸ್ಪೀಕರು ತೂಗಿತು. 40 ಹರ್ಟ್ಸಿನ ಅಲೆಯೊಂದರ ಉದ್ದವೇ ಸುಮಾರು 28 ಅಡಿ. ಅದಕ್ಕೆ ನಮ್ಮ ಗೋಡೆ ಒಂದು ಲೆಕ್ಕವೇ? ಗುಡುಗಿನ ಮೊದಲ ಸದ್ದಿಗೇ ಪ್ಲಗ್ ಕೀಳಬೇಕೆಂಬುದು ನಮ್ಮ ಮನೆಯಲ್ಲಿ ಮೂರು ಟೀವಿ ಸುಟ್ಟ ಮೇಲೆ ಬಂದ ಕಾನೂನು. ಕಿವಿಗೆ ಕೇಳಿಸದಿದ್ದರೂ ಕುರ್ಚಿಯ ಕಾಲಿನಿಂದ ಗುಡುಗನ್ನು ಗ್ರಹಿಸಿದ ಅಪ್ಪ ಜಗಲಿಯಿಂದ ಸರಸರನೆ ಬಂದು, ನಾಯಕ ಹಗ್ಗ ಹಿಡಿದು ನೇತಾಡುತ್ತಿರುವಾಗಲೇ ಪ್ಲಗ್ ಕಿತ್ತರು.

ಕಡಿಮೆ ಕಂಪನದ ಸದ್ದು ಯಾವ ದಿಕ್ಕಿನಿಂದ ಬರುತ್ತದೆಂದು ಮನುಷ್ಯರ ಕಿವಿಗೆ ತಿಳಿಯುವುದಿಲ್ಲವಂತೆ. ಅದಕ್ಕೇ ಆಚೆ ಮನೆಯ ಭಾವ ನಮ್ಮ ಮನೆಯ ಕಡೆ ನೋಡಲಿಲ್ಲ, ಆಕಾಶ ನೋಡಿದರು. ಅವರ ಚಪ್ಪರದ ಮೇಲೆ ಹಿಂದಿನ ದಿನವಷ್ಟೇ ಬೇಯಿಸಿದ ಅಡಿಕೆ ಹರಡಿತ್ತು. ಅಕಾಲದ ಮಳೆಗೆ ಅಡಿಕೆ ನೆನೆದರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಹೋಯಿತು. ಮನೆಮಂದಿಯನ್ನೆಲ್ಲ ಊಟದ ಎಲೆಯಿಂದ ಎಬ್ಬಿಸಿ, ಆದಷ್ಟನ್ನು ಬುಟ್ಟಿ ಬುಟ್ಟಿಯಾಗಿ ಒಳಗೆ ಸಾಗಿಸಿ, ಉಳಿದದ್ದಕ್ಕೆ ಟಾರ್ಪಾಲು ಹೊದಿಸಿ ಬೆವರು ಒರೆಸಿಕೊಂಡಾಗ ಬಿಸಿಲು ಮೊದಲಿನಂತೆಯೇ ಇತ್ತು. ಸಂಜೆ ಅವರು ನಮ್ಮಲ್ಲಿಗೆ ಬಂದು ಸಬ್‌ವೂಫರನ್ನು ಸುತ್ತುಹಾಕಿ ನೋಡಿ, ಕಾಫಿ ಕುಡಿದು, ಕೋಪದ ಮಾತೊಂದನ್ನೂ ಆಡದೆ ಹೋದರು. ಅದರಿಂದ ನನಗೆ ಇನ್ನಷ್ಟು ಕಸಿವಿಸಿಯಾಯಿತು.

ಆ ದಿನದಿಂದ ಸುಗ್ಗಿ ಮುಗಿಯುವವರೆಗೂ, ಮೋಡ ಕಟ್ಟಲಿ ಬಿಡಲಿ, ಗುಡುಗಿದ ಸದ್ದಾದರೆ ಭಾವ ಮೊದಲು ನಮ್ಮ ಮನೆಗೆ ಫೋನು ಮಾಡುತ್ತಾರೆ. "ಏ, ಇದು ಮೇಲಿಂದನಾ, ನಿಮ್ಮಲ್ಲಿಂದನಾ?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆಯೇ ಬುಟ್ಟಿಗೆ ಕೈ ಹಾಕುತ್ತಾರೆ.