ಹಳೇ ಶಾಲೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ

ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಶಾಲಾ ಕಟ್ಟಡಕ್ಕೆ ‘ಶಿಥಿಲ’ ಅಂತ ಬರೆದು ಕೆಡವಲು ಹೊರಡುವ ಮೊದಲು ಗೋಡೆಯ ಬುಡ ನೋಡಿ. ನೆಲದಿಂದ ಮೂರ್ನಾಲ್ಕು ಅಡಿವರೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಎಣ್ಣೆ ಬಣ್ಣ, ಅದಕ್ಕೂ ಮೇಲೆ ಉಬ್ಬಿ ಉದುರುತ್ತಿರುವ ಗೋಡೆ. ಅದನ್ನು ಕೆಡಿಸಿದ್ದು ವಯಸ್ಸಲ್ಲ, ರಿಪೇರಿ.

ಈ ಗೋಡೆಗಳು ಕಲ್ಲು ಅಥವಾ ಇಟ್ಟಿಗೆಯವು, ಒಂದೂವರೆ ಅಡಿಗೂ ದಪ್ಪ, ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ನೆಲದ ತೇವ ಗೋಡೆಗೆ ಏರುತ್ತದೆ, ಸುಣ್ಣದ ಮೈಯಿಂದ ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಸಿಮೆಂಟ್ ಮುಗಿಯುವ ಎತ್ತರ ದಾಟಿ ಹೊರಬರುತ್ತದೆ, ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಗಾರೆಯನ್ನು ಪುಡಿ ಮಾಡುತ್ತದೆ. ಅಲ್ಲಿಗೂ ಇನ್ನೆರಡು ಅಡಿ ಸಿಮೆಂಟ್ ಮೆತ್ತಿದರೆ ರೋಗವೂ ಎರಡು ಅಡಿ ಮೇಲೇರುತ್ತದೆ, ಅಷ್ಟೆ.

ಅಂಗಳದ ಕಥೆಯೂ ಇದೇ. ಪ್ರತಿ ಸಲ ಮಣ್ಣು ತುಂಬಿ, ಕಾಂಕ್ರೀಟ್ ಹಾಕಿ, ಈಗ ಗೋಡೆಗೆ ತಾಗುವಂತೆ ಇಂಟರ್‌ಲಾಕ್ ಕಲ್ಲು ಹಾಸಿ, ಎರಡೂವರೆ ಅಡಿಯಿದ್ದ ಜಗಲಿ ಒಂದೇ ಮೆಟ್ಟಿಲಿಗೆ ಇಳಿದಿರುತ್ತದೆ. ಮಳೆನೀರು ಹೋಗುವುದಾದರೂ ಎಲ್ಲಿಗೆ?

ಮಾಡಿನ ವಿಷಯಕ್ಕೆ ಬರೋಣ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಲ್ಲಿ ಶುರುಮಾಡಿದ ಹೆಂಚು ಘಟ್ಟ ಹತ್ತಿ ಇಲ್ಲಿಗೂ ಬಂತು. ಒಂದು ಹೆಂಚು ಸುಮಾರು ಎರಡೂವರೆ ಕಿಲೋ, ಒಂದು ಚದರ ಮೀಟರ್‌ಗೆ 15 ಬೇಕು. 20 ಅಡಿ ಅಗಲ, 24 ಅಡಿ ಉದ್ದದ ತರಗತಿಗೆ 30 ಡಿಗ್ರಿ ಇಳಿಜಾರಿನಲ್ಲಿ ಹೆಚ್ಚುಕಡಿಮೆ 800 ಹೆಂಚು, ಎರಡು ಟನ್ ಭಾರ. ಒಡೆದದ್ದನ್ನು ಒಂದೊಂದಾಗಿ ಬದಲಿಸಬಹುದು, ಸಂದಿಯಿಂದ ಬಿಸಿಗಾಳಿ ಹೊರಹೋಗುತ್ತದೆ. ಕೆಡುವುದು ಮೊದಲು ಎರಡು ಮಾಡು ಕೂಡುವ ಕಣಿವೆಯ ತಗಡು, ಆಮೇಲೆ ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ತಗಡಿನ ಮೇಲೆ ಎಲೆ ಕಟ್ಟಿಕೊಂಡರೆ ನೀರು ಒಳಗೆ ಇಳಿದು ತೊಲೆ ಕೊಳೆಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಎಲೆ ಬಾಚಿದರೆ ಸಾಕಿತ್ತು. ಅದು ಮಾಡದೆ ಹೆಂಚು ಇಳಿಸಿ ಶೀಟ್ ಹೊದಿಸುತ್ತಾರೆ. ಸಕಲೇಶಪುರ, ಮೂಡಿಗೆರೆಯ ಆಷಾಢದ ಮಳೆಗೆ ತಗಡಿನ ಕೆಳಗೆ ಮೇಷ್ಟರ ಪಾಠ ಮುಂದಿನ ಬೆಂಚಿಗೂ ಕೇಳಿಸುವುದಿಲ್ಲ.

ಉದ್ದನೆಯ ಜಗಲಿಯೂ ಅಲಂಕಾರಕ್ಕಲ್ಲ. ಪಡುವಣದಿಂದ ಓರೆಯಾಗಿ ಬೀಸುವ ಮಳೆ ಗೋಡೆಗೆ ಬಡಿಯದಿರಲಿ ಅಂತ. ಕೊಠಡಿ ಸಾಲದು ಅಂತ ಅದನ್ನೇ ಮುಚ್ಚಿ ಕ್ಲಾಸು ಮಾಡಿದರೆ, ಹಿಂದಿನ ಕ್ಲಾಸಿಗೆ ಬೆಳಕೂ ಇಲ್ಲ ಗಾಳಿಯೂ ಇಲ್ಲ.



ಸರಿಯಾದ ರಿಪೇರಿ ದೊಡ್ಡ ವಿದ್ಯೆಯೇನಲ್ಲ. ಸಿಮೆಂಟ್ ಗಿಲಾವನ್ನು ಮೆಲ್ಲಗೆ ಉಳಿಯಲ್ಲಿ ತೆಗೆದು, ಸಂದಿಯನ್ನು ಮುಕ್ಕಾಲು ಇಂಚು ಆಳಕ್ಕೆ ಕೆರೆದು, ಗೋಡೆಯನ್ನು ಕೆಲವು ವಾರ ಹಾಗೇ ಆರಲು ಬಿಡಬೇಕು. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ ಕನಿಷ್ಠ 15 ದಿನ ನೀರಡಿಯಲ್ಲೇ ಇಡಬೇಕು. ಸರಿಯಾಗಿ ಅರಳದ ಹರಳು ಉಳಿದರೆ ಗಿಲಾವಿನೊಳಗೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು, ತೇವದ ಕಡೆ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ. ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಿ. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ. ವಾರ ಹತ್ತು ದಿನ ಒದ್ದೆ ಗೋಣಿ ಕಟ್ಟಿ. ಬೇಗ ಒಣಗಿದರೆ ಬಿರುಕು ಗ್ಯಾರಂಟಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡ, ತೆಳ್ಳಗೆ ಮೂರು ಸಲ ಸುಣ್ಣ ಹೊಡೆದರಾಯಿತು.

ಇದಕ್ಕೆ ಹದವಾದ ಕಾಲ ದೀಪಾವಳಿಯಿಂದ ಶಿವರಾತ್ರಿವರೆಗೆ. ಆದರೆ ದುಡ್ಡು ಬಿಡುಗಡೆಯಾಗುವುದು ಮಾರ್ಚ್‌ನಲ್ಲಿ, ಕೆಲಸ ನಡೆಯುವುದು ಬೇಸಿಗೆ ರಜೆಯಲ್ಲಿ, ಶಾಲೆ ತೆರೆಯುವಷ್ಟರಲ್ಲಿ ಬಣ್ಣ ಮಿಂಚಬೇಕು. ಆ ಆತುರಕ್ಕೆ ಒಗ್ಗುವುದು ಸಿಮೆಂಟ್ ಒಂದೇ. ಅಂದಾಜುಪಟ್ಟಿಯಲ್ಲಿ ‘ಗಿಲಾವು’ ಅಂತಷ್ಟೇ ಬರೆದು ಬಿಟ್ಟರೆ ಗುತ್ತಿಗೆದಾರ ತರುವುದೂ ಅದನ್ನೇ. ‘ಸುಣ್ಣದ ಗಿಲಾವು, ಸಿಮೆಂಟ್ ಸೇರಿಸಕೂಡದು’ ಅಂತ ಬರೆಸಲು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈಗಲೇ, ಪಟ್ಟಿ ಸಿದ್ಧವಾಗುವ ಮೊದಲೇ, ಇಂಜಿನಿಯರ್ ಹತ್ತಿರ ಕೂರಬೇಕು.