ನಮ್ಮಪ್ಪ ವಿಎ ಆಗಿದ್ರು

ಮೊನ್ನೆ ಚಿಂತಾಮಣಿ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಇಬ್ರು ಮಾತಾಡ್ತಿದ್ರು, ಈ ವಿಎಗಳೆಲ್ಲಾ ಕಳ್ಳರು, ಕೆಲ್ಸ ಕೇಳೋಕೆ ಹೋದ್ರೆ ಮೊಬೈಲ್ ನೋಡ್ಕೊಂಡು ಕೂತಿರ್ತಾರೆ ಅಂತ. ವಿಎ ಅಂದ್ರೆ ವಿಲೇಜ್ ಅಕೌಂಟೆಂಟು, ಗ್ರಾಮ ಲೆಕ್ಕಿಗ, ಹಳ್ಳಿಯ ಜಮೀನಿನ ದಾಖಲೆ ನೋಡ್ಕೊಳ್ಳೋ ಸರ್ಕಾರಿ ನೌಕರ. ಸುಮ್ನೆ ಕೇಳಿಸ್ಕೊಂಡು ಬಂದೆ, ಮನೆಗ್ ಬಂದ್ಮೇಲೂ ಹೊಟ್ಟೆ ಉರೀತಾನೇ ಇತ್ತು.

ನಮ್ಮಪ್ಪ 1984ರಲ್ಲಿ ಗ್ರಾಮ ಲೆಕ್ಕಿಗರಾಗಿ ಸೇರಿದ್ದು. ಆಗ ನಮ್ದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ. ವಂಶಪಾರಂಪರ್ಯದ ಶಾನುಭೋಗಿಕೆ 1963ಕ್ಕೇ ಹೋಗಿತ್ತು, ಆದ್ರೂ ಹಳ್ಳಿಯೋರಿಗೆ ಅಪ್ಪ ಕೊನೇವರ್ಗೂ ಶಾನುಭೋಗ್ರೇ.

2000ದ ಆಸುಪಾಸಲ್ಲಿ ಭೂಮಿ ಯೋಜನೆ ಬಂತಲ್ಲ, ಕೈಬರಹದ ಪಹಣಿ, ಅಂದ್ರೆ ಯಾರ ಹೆಸರಲ್ಲಿ ಎಷ್ಟು ಜಮೀನಿದೆ ಅನ್ನೋ ದಾಖಲೆ, ಎಲ್ಲಾ ಕಂಪ್ಯೂಟರಿಗೆ ಏರಿಸಿದ್ರಲ್ಲ, ಆ ಪ್ರಿಂಟ್ ತಾಳೆ ನೋಡಿ ಸರಿಯಿದೆ ಅಂತ ಸೈನ್ ಹಾಕೋ ಜವಾಬ್ದಾರಿ ವಿಎಗಳದ್ದು. ನಾನಾಗ ಏಳನೇ ಕ್ಲಾಸು. ಭಾನುವಾರ ನನ್ನೂ ಚಾವಡಿಗೆ ಕರ್ಕೊಂಡ್ ಹೋಗೋರು. ನಾನು ಹಳೇ ಪುಸ್ತಕ ಓದೋದು, ಸರ್ವೆ ನಂಬರು, ಎಕರೆ, ಗುಂಟೆ, ಖರಾಬು, ಹೆಸರು, ಅಪ್ಪ ಪ್ರಿಂಟಿನ ಮೇಲೆ ಕೆಂಪು ಪೆನ್ನಲ್ಲಿ ಟಿಕ್ ಹಾಕೋದು. ಒಂದ್ಸಲ ನಾನು 1 ಎಕರೆ 20 ಗುಂಟೆ ಅಂದೆ, ಪ್ರಿಂಟಲ್ಲಿ 1 ಎಕರೆ 2 ಗುಂಟೆ. ಅಪ್ಪನ ಕೈ ನಿಂತೋಯ್ತು. "ಇನ್ನೊಂದ್ಸಲ ಓದಮ್ಮ" ಅಂದ್ರು. ಆಮೇಲೆ, "ಈ ಒಂದು ಸೊನ್ನೆಗೆ ಅವನ ಮಕ್ಕಳು ಜೀವನಪೂರ್ತಿ ಕೋರ್ಟಿಗೆ ಅಲೀಬೇಕಾಗಿತ್ತು" ಅಂದ್ರು. ಹಾಗೆ ಯಾರ ಕಣ್ಣಿಗೂ ಬೀಳದೆ ಹೋದ ಸೊನ್ನೆಗಳಿಗೇ ಜನ ಇವತ್ತಿಗೂ ತಿದ್ದುಪಡಿ ಅರ್ಜಿ ಹಿಡ್ಕೊಂಡು ತಾಲ್ಲೂಕು ಆಫೀಸಿಗೆ ಸುತ್ತೋದು.

ಇಷ್ಟೆಲ್ಲಾ ಮಾಡಿದೋರಿಗೆ ಮೊದಲ್ನೇ ಪ್ರಮೋಷನ್ ಸಿಕ್ಕಿದ್ದು 22 ವರ್ಷಕ್ಕೆ, ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ. ಉಪ ತಹಶೀಲ್ದಾರ್ ಕುರ್ಚೀಲಿ ಕೂತಿದ್ದು ಒಂದೂವರೆ ವರ್ಷ. 2020 ಮೇ ತಿಂಗಳಲ್ಲಿ ರಿಟೈರು, ಕೊರೋನಾ ಡ್ಯೂಟಿ ಮಾಡ್ತಾ ಮಾಡ್ತಾನೇ, ಒಂದು ಹಾರ ಹಾಕೋಕೂ ಯಾರೂ ಬರೋ ಹಾಗಿರ್ಲಿಲ್ಲ. ನಂಗೆ ಅದು ಇವತ್ತಿಗೂ ಸಂಕಟ.

ಲಂಚ ತಿನ್ನೋರು ಇಲ್ಲ ಅಂತ ನಾನು ಹೇಳಲ್ಲ. ನಮ್ಮಜ್ಜಿ ಜಮೀನಿನ ಪೌತಿ ಖಾತೆಗೇ (ತೀರ್ಕೊಂಡೋರ ಜಮೀನು ವಾರಸುದಾರರ ಹೆಸರಿಗೆ ಮಾಡೋದು) ಒಬ್ರು ಕೈ ಚಾಚಿದ್ರು, ಅಪ್ಪ ಯಾರು ಅಂತ ಗೊತ್ತಿದ್ದೂ. ಅಂಥೋರಿಗೆ ಶಿಕ್ಷೆ ಆಗ್ಲಿ. ಆದ್ರೆ ಮೊಬೈಲ್ ನೋಡ್ತಾರೆ ಅಂತ ಬೈಬೇಡಿ, ಈಗ ಅವರ ರಿಜಿಸ್ಟ್ರೇ ಮೊಬೈಲು. ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಾಗ ಒತ್ತುವರಿ ಆಗಿದ್ಯಾ ಅಂತ ಸ್ಥಳಕ್ಕೇ ಹೋಗಿ ನೋಡೋ ಲ್ಯಾಂಡ್ ಬೀಟ್, ಎಲ್ಲದಕ್ಕೂ ಒಂದೊಂದು ಆ್ಯಪ್. 2024 ಸೆಪ್ಟೆಂಬರ್‌ನಲ್ಲಿ ಅವ್ರು ಮುಷ್ಕರ ಕೂತಿದ್ದೂ ಇದಕ್ಕೇ. ಹುದ್ದೆ ಹೆಸರು ಗ್ರಾಮ ಆಡಳಿತಾಧಿಕಾರಿ ಅಂತ ಆಗಿದೆ ಅಷ್ಟೇ, ಮೇಲಿಂದ ತಹಶೀಲ್ದಾರ್ ಬೈಗುಳ, ಕೆಳಗಿಂದ ಜನರ ಬೈಗುಳ, ಅದು ಹಾಗೇ ಇದೆ.

ಈಗ್ಲೂ ಭಾನುವಾರ ಬೆಳಿಗ್ಗೆ ಯಾರಾದ್ರೂ ಒಬ್ಬ ಮುದುಕಪ್ಪ ಪ್ಲಾಸ್ಟಿಕ್ ಕವರಲ್ಲಿ ಹಳೇ ಪಹಣಿ ಸುತ್ಕೊಂಡು ನಮ್ಮನೆ ಜಗಲಿಗೆ ಬಂದು ಕೂರ್ತಾನೆ. ಅಪ್ಪ ಕನ್ನಡಕ ಹಾಕ್ಕೊಂಡು ಬಂದು ಪಕ್ಕದಲ್ಲಿ ಕೂತು, "ಮೊದ್ಲು ಚೆಕ್ಕುಬಂದಿ ಹೇಳಪ್ಪ, ಪೂರ್ವಕ್ಕೆ ಯಾರ ಹೊಲ?" ಅಂತಾರೆ.